ಕಲ್ಲು ಬೇಗ ಬಂದಿದೆ

ಬಾಯಿ ಆಡಿದಷ್ಟು ಹೊತ್ತು ಕೈ ಆಡುತ್ತಿಲ್ಲ ಎನ್ನುವುದು ಹುಬ್ಬಿಯ ತಲೆಗೆ ಹೊಕ್ಕಿದ್ದು ಲ್ಯಾಬಿನ ವಾರದ ಮೀಟಿಂಗಿನಲ್ಲಿ. ಅದಕ್ಕೆ ಮುಂಚೆಯೂ ಹಾಗೇ ನಡೆದುಕೊಂಡು ಬಂದಿರಬೇಕು. ಆದರೆ ಅನುಮಾನ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನ ಹಾಗೆ. ಒಮ್ಮೆ ನಾಲಿಗೆಗೆ ತಗುಲಿದ ಮೇಲೆ ಬೇರೆ ಕೆಲಸ ಮಾಡಗೊಡುವುದಿಲ್ಲ.

ಪ್ರೊಫೆಸರರು ಉದ್ದ ಮೇಜಿನ ತುದಿಯಲ್ಲಿ ಕೂತು ಮಾತಾಡುತ್ತಿದ್ದರು. ಲ್ಯಾಬಿನಲ್ಲಿ ಎಲ್ಲರಿಗಿಂತ ಹಳಬನಾದ ಸೀನಿಯರ್ ನಡುವೆ ಬಾಯಿ ಹಾಕಿದ. ಮೇಜಿನ ಸುತ್ತ ಭುಜಗಳು ಕುಣಿದವು. ಒಬ್ಬನಂತೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಹುಬ್ಬಿ, ಮಾತನ್ನು ಕೈಸನ್ನೆಗೆ ತಿರುಗಿಸಿ ಹೇಳಲು ಎದುರಿಗೆ ಕೂತಿದ್ದ ದುಭಾಷಿಯ ಕೈ ನೋಡಿದಳು. ಹವಾಮಾನದ ಬಗ್ಗೆ ಏನೋ ತಮಾಷೆ, ಇತ್ಯಾದಿ, ಎಂದಿತು ಕೈ. ತೋರುಬೆರಳು ಗಾಳಿಯಲ್ಲಿ ಬಳುಕುತ್ತ ಪಕ್ಕಕ್ಕೆ ಸರಿದರೆ ಅದು 'ಇತ್ಯಾದಿ'.

ಹವಾಮಾನದ ಬಗ್ಗೆ ಕಣ್ಣಲ್ಲಿ ನೀರು ಬರಿಸುವ ತಮಾಷೆ ಯಾವುದಿದೆ ಎಂದು ಹುಬ್ಬಿ ಯೋಚಿಸಿದಳು. ಹೊಳೆಯಲಿಲ್ಲ.

ಹುಬ್ಬಿ ಅಂದರೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಕಿವುಡರು ಯಾರನ್ನಾದರೂ ಕರೆಯಬೇಕೆಂದರೆ ಬೆರಳಲ್ಲಿ ಅಕ್ಷರ ಅಕ್ಷರ ಬಿಡಿಸುತ್ತ ಕೂರುವುದಿಲ್ಲ. ಮುಖದಲ್ಲೋ ನಡೆಯಲ್ಲೋ ಎದ್ದು ಕಾಣುವ ಒಂದನ್ನು ಹಿಡಿದು ಸಂಜ್ಞೆ ಮಾಡಿಬಿಡುತ್ತಾರೆ. ಇವಳದು ಬಲಹುಬ್ಬನ್ನು ಬೆರಳಿನಿಂದ ಮೇಲೆತ್ತುವ ಸಂಜ್ಞೆ. ಕಿವುಡರ ಶಾಲೆಯಲ್ಲಿ ಬಿದ್ದ ಹೆಸರು. ಯಾರು ಏನೇ ಹೇಳಲಿ, ಮೊದಲು ಅವಳ ಬಲಹುಬ್ಬು ಏರುತ್ತಿತ್ತು, ಉತ್ತರ ಆಮೇಲೆ.

ಆ ಚಾಳಿ ಮನೆಯಲ್ಲೇ ಅಂಟಿದ್ದು. ಮನೆಯಲ್ಲಿ ಕಿವಿ ಕೇಳದವಳು ಅವಳೊಬ್ಬಳೇ. ಊಟಕ್ಕೆ ಕೂತಾಗ ಅಪ್ಪ ಏನೋ ಹೇಳುವುದು, ಅಣ್ಣ ಅದಕ್ಕೆ ಏನೋ ಸೇರಿಸುವುದು, ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಗುವುದು. ಏನು, ಏನು ಎಂದು ಇವಳು ಅಮ್ಮನ ಮೊಣಕೈ ಎಳೆದರೆ ಅಮ್ಮ ಕೈ ಆಡಿಸಿ 'ಏನಿಲ್ಲ ಬಿಡು' ಅನ್ನುವಳು. ಬಹಳ ಒತ್ತಾಯ ಮಾಡಿದರೆ 'ಆಮೇಲೆ ಹೇಳ್ತೀನಿ'. ಆ ಆಮೇಲೆ ಬಂದದ್ದೇ ಇಲ್ಲ. ಇಡೀ ಬಾಲ್ಯ 'ಏನಿಲ್ಲ ಬಿಡು'ವಿನಲ್ಲಿ ಕಳೆದವಳಿಗೆ, ಹೇಳುವುದನ್ನೇ ಸಂಬಳದ ಕೆಲಸ ಮಾಡಿಕೊಂಡ ಒಬ್ಬಳು ಸಿಕ್ಕಿದ್ದು ವಿಶ್ವವಿದ್ಯಾಲಯಕ್ಕೆ ಬಂದ ಮೇಲೆ.

ವಿಶ್ವವಿದ್ಯಾಲಯದಲ್ಲಿ ಹೊಸದಾಗಿ 'ಒಳಗೊಳ್ಳುವಿಕೆ ಕೋಶ' ತೆರೆದಿದ್ದರು. ಎಲ್ಲ ಬಗೆಯವರಿಗೂ ಇಲ್ಲಿ ಜಾಗವಿದೆ ಎಂದು ಸಾರುವುದು ಅದರ ಕೆಲಸ. ಆಡಳಿತ ಕಟ್ಟಡಕ್ಕೆ ಗಾಲಿಕುರ್ಚಿ ಹತ್ತುವ ಇಳಿಜಾರು ಕಟ್ಟಿಸಿದ್ದರು. ಅದು ಹೋಗಿ ಮುಟ್ಟುತ್ತಿದ್ದುದು ಒಳಗಿನಿಂದ ಅಗುಳಿ ಹಾಕಿದ ಬಾಗಿಲಿಗೆ. ಹುಡುಗರು ಅದನ್ನು 'ಒಳಗೆ ಹಾಕೋ ಕೋಶ' ಅನ್ನುತ್ತಿದ್ದರು. ಈ ಜೋಕನ್ನು ಹುಬ್ಬಿಗೆ ಹೇಳಿದವಳು ದುಭಾಷಿಯೇ. ಕೋಶವೇ ಗುತ್ತಿಗೆಯ ಮೇಲೆ ನೇಮಿಸಿಕೊಂಡವಳು ಕೋಶದ ಮೇಲಿನ ಜೋಕು ಹೇಳುತ್ತಾಳೆಂದರೆ ಇವಳು ಏನನ್ನೂ ಮುಚ್ಚಿಡುವವಳಲ್ಲ ಎಂದು ಹುಬ್ಬಿ ನಂಬಿದ್ದಳು. ಅಕ್ಕ ಎಂದು ಕರೆಯುತ್ತಿದ್ದಳು.

ಈಗ ನಾರು ನಾಲಿಗೆಗೆ ತಗುಲಿತ್ತು. ಮುಂದಿನ ಮೀಟಿಂಗುಗಳಲ್ಲಿ ಅವಳು ಕೈಗಿಂತ ಹೆಚ್ಚಾಗಿ ಬಾಯಿಗಳನ್ನು ನೋಡತೊಡಗಿದಳು. ತುಟಿ ಓದುವುದೆಂದರೆ ತೂತು ಬಿದ್ದ ಕೊಡದಲ್ಲಿ ನೀರು ಹೊತ್ತ ಹಾಗೆ, ಮನೆ ಮುಟ್ಟುವಾಗ ತಳದಲ್ಲಿ ಉಳಿದಷ್ಟೇ ಲಾಭ. ಸೀನಿಯರನ ಮೀಸೆ ಬೇರೆ ಅಡ್ಡ. ಉಳಿದವರ ತುಟಿಗಳಲ್ಲಿ ಮತ್ತೆ ಮತ್ತೆ ಸಿಕ್ಕ ಪದ 'ಕಲ್ಲು'. ತುಟಿಯ ಮೇಲೆ ಕಲ್ಲು, ಹಲ್ಲು, ಗಲ್ಲು ಎಲ್ಲ ಒಂದೇ ಥರ ಕಾಣುತ್ತವೆ, ಯಾವುದು ಎನ್ನುವುದನ್ನು ಸಂದರ್ಭ ನೋಡಿ ತಿಳಿಯಬೇಕು. ಶಿಲೆಗಳ ಲ್ಯಾಬಿನಲ್ಲಿ ಹಲ್ಲಿನ ವಿಚಾರ ಬರುವುದಿಲ್ಲ, ಗಲ್ಲಿನದ್ದು ಬರಬಾರದು. ಕಲ್ಲೇ ಇರಬೇಕೆಂದುಕೊಂಡಳು.

ಅವಳ ಸಂಶೋಧನೆಯೂ ಕಲ್ಲಿನದ್ದೇ. ಹಳೆಯ ಸೇತುವೆಗಳ ಕಂಬದ ಕಲ್ಲು ಯಾಕೆ ಪದರ ಪದರವಾಗಿ ಉದುರುತ್ತದೆ ಎನ್ನುವುದು. ಕಲ್ಲನ್ನು ಗರಗಸದಲ್ಲಿ ಹೋಳು ಮಾಡಿ, ಹೋಳನ್ನು ಗಾಜಿಗೆ ಅಂಟಿಸಿ, ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿ, ಸೂಕ್ಷ್ಮದರ್ಶಕದ ಕೆಳಗೆ ಇಡಬೇಕು. ಪದರ ಯಾವ ಕಡೆಗೆ ಮಲಗಿದೆ ಎಂದು ಬೆರಳಿನಿಂದ ಸವರಿ ನೋಡಿ ಕತ್ತರಿಸಬೇಕು. ಅಡ್ಡಕ್ಕೆ ಕತ್ತರಿಸಿದರೆ ಕಲ್ಲು ಪುಡಿ, ಕೆಲಸವೂ ಪುಡಿ. ವರ್ಷದ ಕೊನೆಗೆ ಸಮಿತಿಯ ಮುಂದೆ ತನ್ನ ಕೈಯಾರೆ ಮಾಡಿದ ಸ್ಲೈಡುಗಳನ್ನು ಇಡಬೇಕು, ಇಲ್ಲದಿದ್ದರೆ ಸೀಟು ಹೋಗುತ್ತದೆ. ಹಾಗಾಗಿ ಅವಳಿಗೆ ವಿಶ್ವವಿದ್ಯಾಲಯ ಅಂದರೆ ಕೋಶವೂ ಅಲ್ಲ, ಮೀಟಿಂಗೂ ಅಲ್ಲ. ಕಾರಿಡಾರಿನ ತುದಿಯ ಕಟಿಂಗ್ ರೂಮು, ಅದರ ನೀರು ಸುರಿಯುವ ಗರಗಸ, ಬಾಗಿಲ ಪಕ್ಕದ ಮೊಳೆಗೆ ತೂಗುವ ಬೀಗದ ಕೈ.

ಮುಂದಿನ ವಾರ ಎಲ್ಲರೂ ಮೇಜಿನ ಮೇಲೆ ಫೋನು ಬೋರಲು ಹಾಕಿದ ಹಾಗೆ ಅವಳೂ ಹಾಕಿದಳು. ಅವಳದರಲ್ಲಿ ರೆಕಾರ್ಡ್ ಆಗುತ್ತಿತ್ತು. ಕೇಳಿಸದವಳ ಫೋನಿನ ಮೇಲೆ ಯಾರಿಗೆ ಸಂಶಯ ಬರುತ್ತದೆ?

ಅವತ್ತೇ ಕಟಿಂಗ್ ರೂಮಿನ ಮಾತು ಬಂತು. ಪ್ರೊಫೆಸರರು ಅವಳ ಕಡೆ ತಿರುಗಿ ಬಹಳ ಹೊತ್ತು ಮಾತಾಡಿದರು, ಹಣೆಯಲ್ಲಿ ಅಪ್ಪನಂಥ ಗೆರೆ. ದುಭಾಷಿಯ ಕೈ ಅದನ್ನು ಚುಟುಕಾಗಿ ಮುಗಿಸಿತು. ಕಟಿಂಗ್ ರೂಮಲ್ಲಿ ನಿನಗೆ ಕಷ್ಟ ಆಗ್ತಿದೆಯಾ ಅಂತ ಸರ್ ಕೇಳ್ತಿದ್ದಾರೆ, ನಿನ್ನ ಮೇಲಿನ ಕಾಳಜಿ, ಇತ್ಯಾದಿ.

ಹುಬ್ಬಿ ಎದ್ದು ನಿಂತು ಉತ್ತರ ಕೊಟ್ಟಳು. ಕಷ್ಟವೇನೂ ಇಲ್ಲ. ಆ ರೂಮಿನಲ್ಲಿ ಯಂತ್ರದ ಸದ್ದಿಗೆ ಎಲ್ಲರೂ ಕಿವಿಗೆ ದಪ್ಪ ಮುಚ್ಚಳ ಹಾಕಿಕೊಂಡೇ ಕೆಲಸ ಮಾಡುವುದು, ಅಲ್ಲಿ ನಾನೊಬ್ಬಳೇ ಕಿವುಡಿಯಲ್ಲ. ಗರಗಸ ಹಟ ಹಿಡಿದರೆ ಮೊದಲು ಗೊತ್ತಾಗುವುದು ಅಂಗೈಗೆ. ನನ್ನ ಕಲ್ಲನ್ನು ಇನ್ನೊಬ್ಬರು ಕತ್ತರಿಸಿದರೆ ನನಗೆ ಪ್ರಬಂಧವೇ ಇಲ್ಲ. ಕೈಗಳು ಇನ್ನೂ ಗಾಳಿಯಲ್ಲಿರುವಾಗಲೇ ದುಭಾಷಿಯ ಬಾಯಿ ಮುಚ್ಚಿಕೊಂಡಿದ್ದನ್ನು ಅವಳು ಗಮನಿಸಿದಳು. ಪ್ರೊಫೆಸರರು ಮುಗುಳ್ನಕ್ಕು ಹೆಬ್ಬೆರಳು ಎತ್ತಿ ತೋರಿಸಿದರು. ಒಪ್ಪಿದರು ಅಂದುಕೊಂಡಳು.

ಮರುದಿನ ಮೊಳೆ ಬರಿದಾಗಿತ್ತು. ಸೀನಿಯರನ ಮುಂದೆ ಹೋಗಿ ಮೊಳೆ ತೋರಿಸಿದಳು. ಅವನು ಫೋನಿನಲ್ಲಿ ಟೈಪ್ ಮಾಡಿ ಅವಳ ಮುಖಕ್ಕೆ ಹಿಡಿದ: 'ನೀವೇ ಒಪ್ಕೊಂಡ್ರಲ್ಲ. ಇನ್ನು ಮೇಲೆ ನಿಮ್ಮ ಸ್ಯಾಂಪಲ್ ನಾನೇ ಕಟ್ ಮಾಡ್ತೀನಿ.' ಅವಳಿಗೆಂದು ಗೋದಾಮಿನ ಪಕ್ಕ ಒಂದು ಕಂಪ್ಯೂಟರು ಇಟ್ಟಿದ್ದರು. ಕಪಾಟಿನ ಹಳೆಯ ಕಲ್ಲುಗಳ ವಿವರವನ್ನು ಅದಕ್ಕೆ ಹತ್ತಿಸುವ ಕೆಲಸ. ಕುರ್ಚಿಗೆ ಹೊಸ ಮೆತ್ತೆ ಹಾಕಿಸಿದ್ದರು.

ಮನೆಯಲ್ಲಿ ಇಂಥದ್ದಕ್ಕೆ ಆಗಿಬರುವ ಆಸಾಮಿ ಅತ್ತಿಗೆ. ಅಣ್ಣನನ್ನು ಮದುವೆಯಾಗಿ ಬಂದ ಮೇಲೆ ಕೈಮಾತು ಕಲಿತವಳು. ಬ್ಯೂಟಿ ಪಾರ್ಲರಿನಲ್ಲಿ ಕೆಲಸ. ಅವಳ ಸಂಜ್ಞೆಗಳಲ್ಲಿ ವ್ಯಾಕರಣ ಕಡಿಮೆ, ಮಸಾಲೆ ಜಾಸ್ತಿ. ದಿನವಿಡೀ ದಾರದಿಂದ ಹುಬ್ಬು ತೀಡಿ ತೀಡಿ ಬೆರಳುಗಳೂ ಚೂಪಾಗಿದ್ದವು. ನಾದಿನಿಯ ಸಂಜ್ಞೆಯ ಹೆಸರು ಗೊತ್ತಾದ ದಿನವೇ, ನನಗೆ ತಕ್ಕ ನಾದಿನಿ ಎಂದು ನಕ್ಕಿದ್ದಳು.

ಪಾರ್ಲರಿನ ವಾರದ ರಜೆಯ ದಿನ ಶಟರನ್ನು ಅರ್ಧ ಇಳಿಸಿ, ತಲೆ ತೊಳೆಯುವ ಕುರ್ಚಿಯಲ್ಲಿ ಕಾಲು ಚಾಚಿಕೊಂಡು ಅತ್ತಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಳು. ಹುಬ್ಬಿ ಎದುರಿನ ಎತ್ತರದ ಸ್ಟೂಲಿನ ಮೇಲೆ. ಅತ್ತಿಗೆಯ ಹಿಂದೆಯೂ ಮುಂದೆಯೂ ಕನ್ನಡಿ. ಅವಳ ಕೈಗಳು ಎಲ್ಲ ಕಡೆಯಿಂದ ಮಾತಾಡಿದವು.

ಕುರ್ಚಿ ಎಳೆಯುವ ಸದ್ದು, ಒಬ್ಬನಿಗೆ ಕೆಮ್ಮು, ನೆಗಡಿಯಿರಬೇಕು, ಔಷಧಿ ತಗೋಬಾರದಾ, ಎಂದು ಅತ್ತಿಗೆ ಶುರುಮಾಡಿದಳು. ಆಮೇಲೆ ಅವಳ ಮೂಗು ಸುಕ್ಕುಗಟ್ಟಿತು. ಫೋನನ್ನು ಹಿಂದಕ್ಕೆ ಎಳೆದು ಇನ್ನೊಮ್ಮೆ ಕೇಳಿದಳು.

'ಯಾರೋ ಹೇಳ್ತಾನೆ, ಕಲ್ಲು ಇವತ್ತು ಬೇಗ ಬಂದಿದೆ ಅಂತ,' ಎಂದವು ಕೈಗಳು. 'ನಿಮ್ಮ ಲ್ಯಾಬಿಗೆ ಕಲ್ಲುಗಳು ಬಸ್ಸು ಹತ್ಕೊಂಡು ಬರ್ತಾವಾ?'

ಸ್ಯಾಂಪಲ್ಲಿನ ಪಾರ್ಸೆಲ್ ಇರಬೇಕು ಎಂದಳು ಹುಬ್ಬಿ. ಅತ್ತಿಗೆ ಮುಂದೆ ಕೇಳಿದಳು. ಕಲ್ಲಿನ ಮೂಡ್ ಸರಿಯಿಲ್ಲ ನೋಡ್ಕೊಳ್ಳಿ, ಎನ್ನುತ್ತಾನೆ. ಎಲ್ಲರೂ ನಗುತ್ತಾರೆ. ಕಲ್ಲಿಗೆ ಹೇಳೋದು ಯಾರು, ಎಂದು ಇನ್ನೊಬ್ಬ. ದುಭಾಷಿ ಮೇಡಂ ಇದ್ದಾರಲ್ಲ, ಕಲ್ಲನ್ನ ಮಾತಾಡಿಸೋಕೇ ಅವರಿಗೆ ಸಂಬಳ. ಮತ್ತೆ ನಗು. ಅತ್ತಿಗೆ ನಗಲಿಲ್ಲ. ಕಲ್ಲು ಅಂದರೆ ಯಾರು ಎನ್ನುವುದು ಅವಳಿಗೂ ಅಷ್ಟು ಹೊತ್ತಿಗೆ ತಲೆಗೆ ಹತ್ತಿತ್ತು.

ಹುಬ್ಬಿ ಸ್ಟೂಲಿನಿಂದ ಇಳಿದಳು. ಎಷ್ಟೋ ತಿಂಗಳಿನಿಂದ ಆ ಪದ ಅವಳ ಕಣ್ಣಿನ ಮುಂದೆಯೇ ಓಡಾಡಿಕೊಂಡಿತ್ತು. ಬೇರೆ ಯಾವ ಲ್ಯಾಬಿನಲ್ಲಾದರೂ ಅದು ಎದ್ದು ಕಾಣುತ್ತಿತ್ತು. ಕಲ್ಲಿನ ಲ್ಯಾಬಿನಲ್ಲಿ ಕಲ್ಲೆಂಬ ಅಡ್ಡಹೆಸರು ಮರಳಿನಲ್ಲಿ ಬಿದ್ದ ಸಕ್ಕರೆ ಕಾಳಿನಂತೆ ಬೆರೆತುಹೋಗಿತ್ತು. ಗುರುತು ಸಿಗಲು ಕ್ರಿಯಾಪದ ಬೇಕಿತ್ತು, ಕ್ರಿಯಾಪದದ ಬಾಲ ತುಟಿಗಳ ಮೇಲೆ ಕಾಣುವುದಿಲ್ಲ. ಹೆಂಗಸು ಬಂದರೆ ಬಂದಿದ್ದಾಳೆ, ಮರ್ಯಾದೆ ಕೊಟ್ಟರೆ ಬಂದಿದ್ದಾರೆ. ಬಸ್ಸು ಬಂದರೆ, ಬೆಕ್ಕು ಬಂದರೆ, ಪಾರ್ಸೆಲ್ ಬಂದರೆ, ಬಂದಿದೆ.

ಅತ್ತಿಗೆ ಮಸಾಲೆ ಹಾಕುತ್ತಿಲ್ಲ ತಾನೇ ಎಂದು ಅವಳಿಗೆ ಆಗಲೂ ಅನುಮಾನ. ಅದನ್ನೇ ಮತ್ತೆ ಮೊದಲಿಂದ ಕೇಳಿಸಿ, ಮತ್ತೆ ಹೇಳಿಸಿದಳು. ಎರಡನೆಯ ಸಲ ಒಂದು ಮಾತು ಹೆಚ್ಚಿಗೆ ಬಂತು. ಮೊದಲ ಸಲ ಇದನ್ನು ಯಾಕೆ ಬಿಟ್ಟೆ ಎಂದು ಕೇಳಿದ್ದಕ್ಕೆ ಅತ್ತಿಗೆ ಕನ್ನಡಿ ಕಡೆ ಮುಖ ಮಾಡಿದಳು. ಬಿಟ್ಟಿದ್ದು ಇಷ್ಟೇ: 'ಪಾಪ, ಅದಕ್ಕೇನು ಗೊತ್ತಾಗುತ್ತೆ.' ಪ್ರೊಫೆಸರರು ಅಂದಿದ್ದಂತೆ.

'ನೀನೂನಾ?' ಎಂದಳು ಹುಬ್ಬಿ.

'ಬಾಯಿಗೆ ಬರಲಿಲ್ಲ ಕಣೇ. ಕೈಗೂ ಬರಲಿಲ್ಲ.'

ಇನ್ನು ಕಟಿಂಗ್ ರೂಮಿನ ಭಾಗ. ಪ್ರೊಫೆಸರರು ಆ ಉದ್ದ ಮಾತಿನಲ್ಲಿ ಹೇಳಿದ್ದು ಬೇರೆಯೇ. ಏನಾದರೂ ಅನಾಹುತವಾದರೆ ಕೋಶ ನನ್ನ ತಲೆಗೆ ಕಟ್ಟುತ್ತದೆ, ಬೀಗದ ಕೈ ಸೀನಿಯರನ ಹತ್ತಿರ ಇರಲಿ, ಕಂಪ್ಯೂಟರಿನ ಕೆಲಸ ಸುರಕ್ಷಿತ, ಒಪ್ಪಿಗೆಯೇ ಎಂದು ಕೇಳಿದ್ದರು. ಅದಕ್ಕೆ ಹುಬ್ಬಿಯ ಉತ್ತರ ದುಭಾಷಿಯ ಬಾಯಿಂದ ಹೇಗೆ ಹೊರಬಿತ್ತೆಂಬುದನ್ನು ಅತ್ತಿಗೆ ನಿಧಾನವಾಗಿ, ಪದ ಬಿಡದೆ ತೋರಿಸಿದಳು: ಥ್ಯಾಂಕ್ಯೂ ಸರ್. ನನಗೆ ಅಲ್ಲಿ ಕೆಲಸ ಮಾಡೋದು ಇಷ್ಟ, ಆದರೆ ನಿಮ್ಮ ಕಾಳಜಿ ಅರ್ಥ ಆಗುತ್ತೆ. ನೀವು ಹೇಗೆ ಹೇಳ್ತೀರೋ ಹಾಗೆ.

ಇಯರ್‌ಫೋನ್ ಕಿತ್ತು ಅತ್ತಿಗೆ ಅದರ ತಂತಿಯನ್ನು ಬೆರಳಿಗೆ ಸುತ್ತಿದಳು. ಆಮೇಲೆ, ಸುಮ್ಮನಿರಲಾರದ ಸ್ವಭಾವ: 'ನಿನ್ನ ದನಿ ಮಾತ್ರ ಬಹಳ ಚೆನ್ನಾಗಿದೆ. ಬೆಣ್ಣೆ.'

ಹುಬ್ಬಿ ದುಭಾಷಿಯನ್ನು ಹಿಡಿದಿದ್ದು ಗ್ರಂಥಾಲಯದ ಹಿಂದಿನ ಮೆಟ್ಟಿಲ ಮೇಲೆ, ಅವಳು ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದಾಗ. ಒಂದು ಕೈ ಎಂಜಲಾಗಿದ್ದರಿಂದ ದುಭಾಷಿ ಅವತ್ತು ಇನ್ನೊಂದೇ ಕೈಯಲ್ಲಿ ತನ್ನ ಪರ ವಾದಿಸಬೇಕಾಯಿತು. ಮೊದಲು ಹಾಗೇನಿಲ್ಲ ಎಂದಳು. ರೆಕಾರ್ಡಿಂಗ್ ವಿಷಯ ಹೇಳಿದ ಮೇಲೆ ಡಬ್ಬಿ ಮುಚ್ಚಿದಳು. ಕೈ ತೊಳೆದುಕೊಂಡು ಬಂದು ಕೂತಳು.

ಅವಳು ಹೇಳಿದ್ದು ಹೀಗೆ. ಮೊದಲ ತಿಂಗಳು ನೀನು ಹೇಳಿದ್ದನ್ನು ಇದ್ದ ಹಾಗೇ ಬಾಯಲ್ಲಿ ಹೇಳಿದೆ. ಹುಡುಗಿ ಜಗಳಗಂಟಿ, ಬೇರೆ ಲ್ಯಾಬ್ ನೋಡಿ ಎಂದು ಪ್ರೊಫೆಸರ್ ಕೋಶಕ್ಕೆ ಹೇಳಿದರು. ಕೋಶದ ಸಂಯೋಜಕಿ ಮೇಡಂ ನನ್ನನ್ನು ಕರೆಸಿ, ಸೌಹಾರ್ದ ಕೆಡದ ಹಾಗೆ ಭಾಷಾಂತರ ಮಾಡಮ್ಮ ಎಂದರು. ಅವತ್ತಿನಿಂದ ನಿನ್ನ ಕಡೆಯ ಒರಟು ಅವರಿಗೆ ಮುಟ್ಟಿಸಲಿಲ್ಲ, ಅವರ ಕಡೆಯ ಹೊಲಸು ನಿನಗೆ ಮುಟ್ಟಿಸಲಿಲ್ಲ. ಹಾಗೆ ಮಾಡಿದ್ದಕ್ಕೇ ನೀನು ಇನ್ನೂ ಇಲ್ಲಿದ್ದೀಯ.

'ಸುಳ್ಳು ಹೇಳಿಲ್ಲ ನಾನು. ಸ್ವಲ್ಪ ಉಜ್ಜಿ ನುಣ್ಣಗೆ ಮಾಡಿದೆ, ಅಷ್ಟೇ.'

'ಉಜ್ಜೋ ಕೆಲಸ ನಂದು ಅಕ್ಕ,' ಎಂದಳು ಹುಬ್ಬಿ. 'ನಿಂದು ತಂದು ಕೊಡೋದು.'

ದುಭಾಷಿ ಹೇಳಿದ್ದರಲ್ಲಿ ಎಷ್ಟು ನಿಜ, ತನ್ನ ಗುತ್ತಿಗೆ ಉಳಿಸಿಕೊಳ್ಳಲು ಎಷ್ಟು ಸೇರಿಸಿದ್ದಾಳೆ ಎಂದು ಅವಳಿಗೆ ತಿಳಿಯಲಿಲ್ಲ. ತಿಳಿಯುವ ದಾರಿಯೂ ಇರಲಿಲ್ಲ. ಆ ಸಂಗತಿಯೇ ಅಡ್ಡಹೆಸರಿಗಿಂತ ಹೆಚ್ಚು ಚುಚ್ಚಿತು. ಈ ಕೈಗಳನ್ನು ಬಿಟ್ಟರೆ ಆ ಕಟ್ಟಡದ ಒಳಗೆ ಅವಳಿಗೆ ಬೇರೆ ಕಿಟಕಿಯಿರಲಿಲ್ಲ.

ಆದರೆ ಕೋಶಕ್ಕೂ ಅವಳಿಂದ ಒಂದು ಕೆಲಸ ಆಗಬೇಕಿತ್ತು. ವಿಶ್ವವಿದ್ಯಾಲಯದ ಮುಖ್ಯದ್ವಾರಕ್ಕೆ ದೊಡ್ಡ ಫಲಕ ಬರುವುದಿತ್ತು. ಅವಳು ಕೈಯಲ್ಲಿ ಕಲ್ಲು ಹಿಡಿದು ನಗುವ ಚಿತ್ರ, ಕೆಳಗೆ 'ಎಲ್ಲರೂ ನಮ್ಮವರೇ' ಎಂಬ ಸಾಲು. ಫೋಟೋಗ್ರಾಫರನಿಗೆ ದಿನ ಗೊತ್ತು ಮಾಡಿಯಾಗಿತ್ತು. ಹುಬ್ಬಿ ಸಂಯೋಜಕಿಗೆ ಮೆಸೇಜು ಕಳಿಸಿದಳು: ಫೋಟೋಗೆ ಬರುತ್ತೇನೆ. ಅದಕ್ಕೆ ಮುಂಚೆ ಬೀಗದ ಕೈ ವಿಚಾರಕ್ಕೆ ಪ್ರೊಫೆಸರರನ್ನು ಕೂರಿಸಿ ಮಾತಾಡಿ. ಜೊತೆಗೆ ನಮ್ಮ ಅತ್ತಿಗೆ ಬರುತ್ತಾಳೆ. ಉತ್ತರ ಕೂಡಲೇ ಬಂತು, ಹೂವಿನ ಚಿತ್ರದ ಸಮೇತ.

ಸಂಯೋಜಕಿಯ ಕೋಣೆಯಲ್ಲಿ ಹೊಸ ಕಾರ್ಪೆಟ್ಟಿನ ವಾಸನೆ. ಗೋಡೆಯ ತುಂಬ ಎಲ್ಲಿಯವರೋ ಒಂದಿಷ್ಟು ಜನ ಹೆಗಲ ಮೇಲೆ ಕೈ ಹಾಕಿಕೊಂಡು ನಗುವ ಚಿತ್ರಗಳು. ಪ್ರೊಫೆಸರರು ಸೋಫಾದ ಅಂಚಿನಲ್ಲಿ ಕೂತಿದ್ದರು, ಈಗಲೋ ಆಗಲೋ ಎದ್ದು ಹೋಗುವವರ ಹಾಗೆ. ಪಕ್ಕದಲ್ಲಿ ಸೀನಿಯರ್. ದುಭಾಷಿ ಎದುರಿನ ಕುರ್ಚಿಯಲ್ಲಿ, ಹಿಂದಿನ ರಾತ್ರಿ ನಿದ್ದೆ ಮಾಡಿದವಳಂತೆ ಕಾಣಲಿಲ್ಲ. ಅತ್ತಿಗೆ ಸೋಫಾದ ಹಿಂದೆ ಒಂದು ಕುರ್ಚಿ ಎಳೆದುಕೊಂಡು, ಹುಬ್ಬಿಗೆ ನೇರ ಕಾಣುವ ಹಾಗೆ ಕೂತಳು. ಅಲ್ಲಿ ಯಾಕೆ, ಮುಂದೆ ಬನ್ನಿ ಎಂದರಂತೆ ಸಂಯೋಜಕಿ. ಇಲ್ಲೇ ಗಾಳಿ ಚೆನ್ನಾಗಿದೆ ಎಂದಳಂತೆ ಅತ್ತಿಗೆ. ಅತ್ತಿಗೆ ನಾದಿನಿಯರ ಒಪ್ಪಂದ ಬೇರೆ ಇತ್ತು. ದುಭಾಷಿ ಒಂದು ಮಾತು ನುಂಗಿದರೂ ಅತ್ತಿಗೆ ತನ್ನ ಓಲೆ ಮುಟ್ಟಿಕೊಳ್ಳಬೇಕು.

ಹುಬ್ಬಿ ಆರಂಭಿಸಿದಳು. ಬೀಗದ ಕೈ ಬಿಡುತ್ತೇನೆಂದು ನಾನು ಹೇಳಲಿಲ್ಲ. ದುಭಾಷಿಯ ತುಟಿ ಆಡಿತು. ಅತ್ತಿಗೆ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು. ಆವತ್ತು ನಾನು ಹೇಳಿದ್ದು ಇದು ಎಂದು ಮೀಟಿಂಗಿನ ಮಾತನ್ನೆಲ್ಲ ಮತ್ತೊಮ್ಮೆ ಹೇಳಿದಳು. ದುಭಾಷಿಯ ತುಟಿ ಬಹಳ ಹೊತ್ತು ಆಡಿತು, ಹುಬ್ಬಿಯ ಕೈ ನಿಂತ ಮೇಲೂ ಆಡಿತು. ಪ್ರೊಫೆಸರರ ಮುಗುಳ್ನಗೆ ಒಂದು ಕಡೆಯಿಂದ ಇಳಿಯತೊಡಗಿತು. ಅವರ ಮುಖ ತನ್ನ ಮಾತಿಗೆ ಬದಲಾಗುವುದನ್ನು ಹುಬ್ಬಿ ಮೊದಲ ಸಲ ನೋಡಿದಳು. ಇಷ್ಟು ದಿನ ಆ ಮುಖ ಬೆಣ್ಣೆಯ ದನಿಗೆ ಬದಲಾಗುತ್ತಿದ್ದದ್ದು.

ನನ್ನನ್ನು ಲ್ಯಾಬಿನಲ್ಲಿ ಏನೆಂದು ಕರೆಯುತ್ತೀರೆಂದೂ ನನಗೆ ಗೊತ್ತು, ಎಂದಳು. 'ಕಲ್ಲು.'

ದುಭಾಷಿಯ ತುಟಿ ಆಡಿತು. ಅತ್ತಿಗೆಯ ಕೈ ಎದ್ದು ಓಲೆ ಹಿಡಿಯಿತು.

ಹುಬ್ಬಿ ನಿಲ್ಲಿಸಿದಳು. ಏನೆಂದೆ ಎಂದು ದುಭಾಷಿಯನ್ನು ಕೇಳಿದಳು. ನಿಮ್ಮಲ್ಲಿ ಒಂದು ಅಡ್ಡಹೆಸರಿನ ಬಳಕೆ ಇದೆಯಂತೆ ಎಂದಿದ್ದಾಳೆ, ಎಂದಿತು ಹಿಂದಿನಿಂದ ಅತ್ತಿಗೆಯ ಕೈ. ಆ ಪದ ಹೇಳು ಅಕ್ಕ, ಎಂದಳು ಹುಬ್ಬಿ. ದುಭಾಷಿ ಸಂಯೋಜಕಿಯ ಕಡೆ ನೋಡಿದಳು. ಗುತ್ತಿಗೆ ನವೀಕರಣ ಅವರ ಕೈಯಲ್ಲಿತ್ತು. ಆಮೇಲೆ ತನ್ನ ಚಪ್ಪಲಿ ನೋಡಿದಳು. ಆಮೇಲೆ ಅವಳ ಬಾಯಿ ತೆರೆಯಿತು, ನಾಲಿಗೆ ಮೇಲಕ್ಕೆ ಮಡಚಿತು. ಹುಬ್ಬಿಗೆ ಚೆನ್ನಾಗಿ ಗುರುತಿದ್ದ ಆಕಾರ.

ಸೀನಿಯರ್ ಕಾರ್ಪೆಟ್ಟಿನ ಹೂವು ನೋಡತೊಡಗಿದ. ಪ್ರೊಫೆಸರರ ಕುತ್ತಿಗೆ ಕೆಂಪಾಯಿತು. ಹುಡುಗರು ಪ್ರೀತಿಯಿಂದ ಅನ್ನೋದು, ನಾನು ತಲೆಕೆಡಿಸಿಕೊಂಡಿರಲಿಲ್ಲ, ಎಂದರು. ಓಲೆಯ ತಂಟೆಯಿಲ್ಲದೆ ಆ ಮಾತು ಹುಬ್ಬಿಯನ್ನು ತಲುಪಿತು.

'ಪ್ರೀತಿಯಿಂದ ಕರೆದರೆ ಬಂದಿದ್ದಾಳೆ ಅಂತಾರೆ ಸರ್. ಬಂದಿದೆ ಅನ್ನಲ್ಲ,' ಎಂದಳು ಹುಬ್ಬಿ. 'ಅದಿರಲಿ. ಹೆಸರಿಗೆ ನಾನು ಬಂದಿಲ್ಲ, ಬೀಗದ ಕೈಗೆ ಬಂದೆ. ಅಲ್ಲಿ ಎಲ್ಲರೂ ಕಿವಿ ಮುಚ್ಚಿಕೊಂಡು ಗರಗಸ ಓಡಿಸ್ತೀರ. ನಾನು ಮುಚ್ಚಿಕೊಳ್ಳಬೇಕಾಗಿಲ್ಲ. ಅಷ್ಟೇ ವ್ಯತ್ಯಾಸ.'

ಇದನ್ನು ದುಭಾಷಿ ಹೇಳಿ ಮುಗಿಸಿದಾಗ ಅತ್ತಿಗೆ ಹಿಂದಿನಿಂದ ಎರಡೂ ಹೆಬ್ಬೆರಳು ಎತ್ತಿದಳು. ಅದು ಒಪ್ಪಂದದಲ್ಲಿರಲಿಲ್ಲ.

ಪ್ರೊಫೆಸರರು ಗಡಿಯಾರ ನೋಡಿಕೊಂಡರು. ಒಪ್ಪುವ ಮನಸ್ಸು ಅವರಿಗಿರಲಿಲ್ಲ. ಇಂಥ ಹೊತ್ತಿನಲ್ಲಿ ನಡುದಾರಿ ಹುಡುಕುವುದೇ ಸಂಯೋಜಕಿಯ ಉದ್ಯೋಗ, ಅವರು ಹುಡುಕಿದರು. ಬೀಗದ ಕೈ ಮೊಳೆಗೆ ವಾಪಸು. ಆದರೆ ಈಕೆ ಗರಗಸದ ಮುಂದಿರುವಷ್ಟು ಹೊತ್ತು ಕಿವಿ ಕೇಳುವ ವ್ಯಕ್ತಿಯೊಬ್ಬರು ಆ ಕೋಣೆಯಲ್ಲಿ ಹಾಜರಿರತಕ್ಕದ್ದು. ಎಲ್ಲರ ಸುರಕ್ಷತೆ, ಎಲ್ಲರ ಸಮಾಧಾನ. ಪ್ರೊಫೆಸರರು ತಕ್ಷಣ ತಲೆಯಾಡಿಸಿದರು. ಹುಬ್ಬಿಗೆ ಅದು ಪೆದ್ದು ನಿಯಮವೆಂದು ಗೊತ್ತಿತ್ತು. ಆದರೆ ಬೀಗದ ಕೈ ಬರುವುದಿದ್ದರೆ ಪೆದ್ದುತನವೂ ಜೊತೆಗೆ ಬರಲಿ ಎಂದು ಒಪ್ಪಿಕೊಂಡಳು.

ಎಲ್ಲರೂ ಎದ್ದ ಮೇಲೆ ಸಂಯೋಜಕಿ ಅವಳನ್ನು ಉಳಿಸಿಕೊಂಡು, ದುಭಾಷಿಯನ್ನು ಆಚೆ ಕಳಿಸಿ, ಫೋನಿನಲ್ಲಿ ಟೈಪ್ ಮಾಡಿ ತೋರಿಸಿದರು. ಈ ದುಭಾಷಿಯಿಂದ ನಿಮಗೆ ಅನ್ಯಾಯವಾಗಿದೆ, ಒಂದು ಸಾಲು ಬರೆದುಕೊಡಿ, ಬೇರೆಯವರನ್ನು ನೇಮಿಸುತ್ತೇವೆ. ಹುಬ್ಬಿ ಅದನ್ನು ಎರಡು ಸಲ ಓದಿದಳು. ಸೌಹಾರ್ದ ಕೆಡಬಾರದೆಂದು ಹೇಳಿಕೊಟ್ಟವರೇ ಹೇಳಿದಂತೆ ಕೇಳಿದವಳನ್ನು ಕೆಲಸ ಬಿಡಿಸಲು ಹೊರಟಿದ್ದರು. ಅಥವಾ ದುಭಾಷಿ ಆ ಕಥೆ ಕಟ್ಟಿದ್ದಳು. ಎರಡರಲ್ಲಿ ಯಾವುದೋ ಒಂದು.

ಬೇಡ, ಇವಳೇ ಇರಲಿ, ಎಂದು ಟೈಪ್ ಮಾಡಿದಳು. ಹೊಸಬಳು ಬಂದರೆ ಅವಳ ಸುಳ್ಳಿನ ಅಳತೆ ಮೊದಲಿಂದ ಕಲಿಯಬೇಕು. ಇವಳದು ನನಗೆ ಗೊತ್ತಾಗಿದೆ. ಮೀಟಿಂಗುಗಳೆಲ್ಲ ಇನ್ನು ಮುಂದೆ ರೆಕಾರ್ಡ್ ಆಗಲಿ, ಅಷ್ಟು ಸಾಕು.

ಸಂಯೋಜಕಿ ಅದನ್ನು ಓದಿ ಅವಳ ಬೆನ್ನು ಸವರಿದರು. ಎಷ್ಟು ದೊಡ್ಡ ಮನಸ್ಸು ಎಂದು ಅವರ ತುಟಿ ಹೇಳಿದ ಹಾಗಿತ್ತು. ದೊಡ್ಡ ಮನಸ್ಸಿನದ್ದೇನೂ ಇರಲಿಲ್ಲ.

ಫೋಟೋಗೆ ಅವಳ ಸೇತುವೆಯ ಕಲ್ಲು ಮಂಕಾಗಿ ಕಾಣುತ್ತದೆಂದು, ತೋಟದ ಅಂಚಿಗಿಟ್ಟಿದ್ದ ಬಿಳಿಯ ಕಲ್ಲೊಂದನ್ನು ತೊಳೆದು ಅವಳ ಕೈಗೆ ಕೊಟ್ಟರು. ಫಲಕ ಈಗಲೂ ದ್ವಾರದಲ್ಲಿದೆ.

ಲ್ಯಾಬಿನಲ್ಲಿ ಮುಂದಿನ ರೆಕಾರ್ಡಿಂಗ್ ಅಚ್ಚುಕಟ್ಟಾಗಿತ್ತು. ಯಾರೂ ನಗುವುದಿಲ್ಲ, ಒಬ್ಬರ ಮೇಲೆ ಒಬ್ಬರು ಬೀಳುವಂತೆ ಮಾತಾಡುವುದಿಲ್ಲ ಎಂದಳು ಅತ್ತಿಗೆ. ನಿನ್ನ ವಿಷಯ ಬಂದರೆ 'ಅವರು' ಅಂತಾರೆ. ಅವರು ಬಂದಿದ್ದಾರಾ, ಅವರನ್ನ ಕೇಳಿ. 'ಅದು'ವಿನಿಂದ ನೇರ 'ಅವರು'ವಿಗೆ ಹಾರಿದ್ದರು. ನಡುವೆ 'ಅವಳು' ಎನ್ನುವ ಮೆಟ್ಟಿಲೊಂದಿತ್ತು, ಅದರ ಮೇಲೆ ಯಾರೂ ಕಾಲಿಡಲಿಲ್ಲ. ಪಕ್ಕದ ಮೇಜಿನವಳನ್ನು, ಟೀ ಚೆಲ್ಲಿದವಳನ್ನು, ತಡವಾಗಿ ಬಂದವಳನ್ನು ಅವರೆಲ್ಲ ಅವಳು ಎಂದೇ ಅನ್ನುತ್ತಿದ್ದರು. ಮೀಟಿಂಗಿನ ಹೊರಗೆ, ಫೋನಿಲ್ಲದ ಕಡೆ, ತನಗೆ ಹೊಸದೊಂದು ಹೆಸರು ಹುಟ್ಟಿರಬಹುದು ಎಂದು ಹುಬ್ಬಿ ಲೆಕ್ಕ ಹಾಕಿದಳು. ಹುಟ್ಟದಿದ್ದರೆ ಆಶ್ಚರ್ಯ.

ಕಿವಿ ಕೇಳುವ ವ್ಯಕ್ತಿಯಾಗಿ ನಿಲ್ಲಲು ಲ್ಯಾಬಿನಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ಆ ಪಾಳಿಯೂ ದುಭಾಷಿಯ ಪಾಲಿಗೆ ಬಂತು. ಮೊದಲ ದಿನ ಅವಳು ಕಟಿಂಗ್ ರೂಮಿನ ಮೂಲೆಯಲ್ಲಿ ಬ್ಯಾಗು ಅಪ್ಪಿಕೊಂಡು ನಿಂತಳು. ಹುಬ್ಬಿ ಕನ್ನಡಕ ಹಾಕಿ, ಕಲ್ಲಿನ ಪದರ ಸವರಿ ನೋಡಿ, ಹಿಡಿಕೆಗೆ ಬಿಗಿದು, ನೀರು ಬಿಟ್ಟು, ಗುಂಡಿ ಒತ್ತಿದಳು. ಗರಗಸ ಕಲ್ಲನ್ನು ಮುಟ್ಟಿದ ಕ್ಷಣ ದುಭಾಷಿಯ ಮುಖ ಹಿಂಡಿಹೋಯಿತು. ಅವಳು ಅತ್ತ ಇತ್ತ ನೋಡಿ, ಗೋಡೆಗೆ ತೂಗಿದ್ದ ಕಿವಿಮುಚ್ಚಳ ತೆಗೆದು ಬಿಗಿಯಾಗಿ ಹಾಕಿಕೊಂಡಳು.

ಹುಬ್ಬಿ ಯಂತ್ರ ನಿಲ್ಲಿಸಿದಳು.

'ನೀನು ಕೇಳಿಸ್ಕೊಳ್ಳೋಕೆ ಬಂದಿರೋದು,' ಎಂದಳು.

'ತಲೆ ಸಿಡಿದುಹೋಗುತ್ತೆ ಕಣೇ. ನೀನು ಕತ್ತರಿಸು,' ಎಂದಳು ದುಭಾಷಿ.

ಹುಬ್ಬಿ ಮತ್ತೆ ಗುಂಡಿ ಒತ್ತಿದಳು. ಸ್ವಲ್ಪ ಹೊತ್ತಿನ ಮೇಲೆ ದುಭಾಷಿ ಮೂಲೆಯಿಂದ ಕೈ ಬೀಸಿ ಅವಳ ಗಮನ ಸೆಳೆದು, ಬೆಳಿಗ್ಗೆ ಬರುವಾಗ ಕಾರಿಡಾರಿನಲ್ಲಿ ಪ್ರೊಫೆಸರ್ ಯಾರಿಗೋ, ನಮ್ಮ ಲ್ಯಾಬ್ ಈಗ ಇಡೀ ವಿಶ್ವವಿದ್ಯಾಲಯಕ್ಕೇ ಮಾದರಿ ಅಂತ ಹೇಳ್ತಿದ್ದರು ಎಂದಳು.

ಅಷ್ಟೇನಾ, ಎಂದಳು ಹುಬ್ಬಿ, ಒಂದೇ ಕೈಯಲ್ಲಿ.

ಅಷ್ಟೇ, ಎಂದಳು ದುಭಾಷಿ. ಉತ್ತರ ಒಂದು ಗಳಿಗೆ ತಡವಾಗಿ ಬಂದಿತ್ತು. ಹುಬ್ಬಿ ಆ ತಡವನ್ನು ನೋಡಿದಳು, ಕೇಳಲಿಲ್ಲ. ಅಂಗೈಗೆ ಗರಗಸದ ನಡುಕ ಬದಲಾದದ್ದು ಗೊತ್ತಾಯಿತು. ಕೈ ಹಿಂದಕ್ಕೆ ತೆಗೆಯುವಷ್ಟರಲ್ಲಿ ಹೋಳಿನ ಮೂಲೆಯೊಂದು ಮುರಿದು ಕೆಸರು ನೀರಿನಲ್ಲಿ ಬಿತ್ತು. ಅವಳು ಅದನ್ನು ಎತ್ತಿ ಬದಿಗಿಟ್ಟು, ಇನ್ನೊಂದು ತುಂಡು ಬಿಗಿದಳು.